ಬುಡದ ಸುತ್ತ ಒಂದು ಮೀಟರ್ ಮಣ್ಣು ಬಿಡಿ

ಆಂಧ್ರದ ರಾಯಲಸೀಮೆಯ ಚಿಪ್ಪಗಿರಿ ಹರಿದಾಸ ವಿಜಯದಾಸರ ಊರು. 1755ರಲ್ಲಿ ಅವರು ದೇಹ ಬಿಟ್ಟದ್ದು ಇಲ್ಲೇ. ಕಾರ್ತಿಕ ಶುದ್ಧ ದಶಮಿಯ ಆರಾಧನೆಗೆ ಗಡಿ ದಾಟಿ ಭಕ್ತರು ಬರುತ್ತಾರೆ. ಇಂಥ ಊರಲ್ಲಿ ಗುಡಿ ಮುಂದಿನ ಅರಳಿಗೆ ಕೊಡಲಿ ಹಾಕಲು ಯಾರಿಗೂ ಧೈರ್ಯ ಬಾರದು. ನನ್ನ ಚಿಂತೆ ಪೂಜೆಯ ಕಾವಲಿಲ್ಲದ ಮರಗಳದ್ದು: ಓಣಿಯ ಬೇವು, ಬಸ್ಸು ನಿಲ್ಲುವಲ್ಲಿನ ಹೊಂಗೆ, ಹೊರದಾರಿಯ ಹುಣಸೆ.

ಇವು ಒಂದೇ ಏಟಿಗೆ ಉರುಳುವುದಿಲ್ಲ. ಸಿಸಿ ರಸ್ತೆ ಹಾಕುವಾಗ ಕಾಂಕ್ರೀಟನ್ನು ಕಾಂಡಕ್ಕೆ ಮುಟ್ಟಿಸಿ ಸುರಿಯುತ್ತಾರೆ. ಮೊದಲೇ ಮಳೆ ಕಡಿಮೆಯ ಸೀಮೆ. ಬಿದ್ದಷ್ಟೂ ನೀರು ಚರಂಡಿ ಸೇರುತ್ತದೆ. ಬೇರಿಗೆ ನೀರಷ್ಟೇ ಸಾಲದು, ಗಾಳಿಯೂ ಬೇಕು. ಕೆಲವು ಬೇಸಿಗೆ ಕಳೆಯುವುದರಲ್ಲಿ ತುದಿ ಕೊಂಬೆ ಒಣಗುತ್ತದೆ. ಮನೆ ಮೇಲೆ ಬಿದ್ದೀತೆಂದು ಮರ ಕಡಿಯಲು ಆಗ ನೆಪ ಸಿಗುತ್ತದೆ. ಎಮ್ಮೆ ಕಟ್ಟಲು ಸುತ್ತಿದ ತಂತಿಯನ್ನೇ ನೋಡಿ. ಕಾಂಡ ದಪ್ಪವಾದಂತೆ ಅದು ತೊಗಟೆಯೊಳಗೆ ಇಳಿಯುತ್ತದೆ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ಆ ತೊಗಟೆಯ ಒಳಪದರದಲ್ಲೇ. ಗಿಡ ಕಾಯಲೆಂದು ಹಾಕಿದ ಕಬ್ಬಿಣದ ಪಂಜರವನ್ನು ಹೊತ್ತಿಗೆ ಸರಿಯಾಗಿ ತೆಗೆಯದಿದ್ದರೂ ಇದೇ ಗತಿ. ಅರಳಿಕಟ್ಟೆಗೆ ಭಕ್ತಿಯಿಂದ ಟೈಲ್ಸ್ ಹಾಕಿಸುವವರೂ ಬೇರಿಗೆ ಬೇಕಾದ ನೀರು, ಗಾಳಿಯನ್ನು ಯೋಚಿಸಬೇಕು.

ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್ ಅಂತರದ ಕಾಂಕ್ರೀಟ್ ತೆಗೆಯುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿತು. ರಾಜಧಾನಿಯ ಮರಕ್ಕೆ ಬೇಕಾದ ಮಣ್ಣು ರಾಯಲಸೀಮೆಯ ಮರಕ್ಕೂ ಬೇಕು. ಇಲ್ಲಿ ಹಾಕಿದ ರಸ್ತೆ ಅಗೆಯಬೇಕಾಗಿಯೂ ಇಲ್ಲ; ಮುಂದಿನ ಕಾಮಗಾರಿಯ ಅಂದಾಜುಪಟ್ಟಿಯಲ್ಲೇ ಆ ಜಾಗ ಬಿಟ್ಟರಾಯಿತು, ಸಿಮೆಂಟೂ ಉಳಿಯುತ್ತದೆ.

ಬೇವಿನ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಈಚಿನ ವರ್ಷಗಳಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಬೇವು ತುದಿಯಿಂದ ಒಣಗುತ್ತಾ ಬಂತು. ಶಿಲೀಂಧ್ರ ರೋಗಕ್ಕೆ ರಸ ಹೀರುವ ತಿಗಣೆಯೂ ಜೊತೆಯಾಗಿತ್ತು. ಸತ್ತಂತೆ ಕಂಡ ಎಷ್ಟೋ ಮರ ಮತ್ತೆ ಚಿಗುರಿದವು. ಒಣಗಿದ ಟೊಂಗೆ ಸವರಿ ಒಂದು ಮಳೆಗಾಲ ಕಾಯುವ ತಾಳ್ಮೆ ಇರಲಿ.

ಕಾನೂನಿಗೆ ಕೊರತೆಯಿಲ್ಲ. ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆಯಿದೆ. ಆಂಧ್ರದಲ್ಲಿ 2002ರ ‘ವಾಲ್ಟಾ’ ಕಾಯ್ದೆ ನೀರು, ನೆಲದ ಜೊತೆಗೆ ಮರವನ್ನೂ ಸೇರಿಸಿ, ಕಡಿಯಲು ಅನುಮತಿ ಬೇಕೆಂದಿದೆ. ಆದರೆ ಉಸಿರುಗಟ್ಟಿ ಸಾಯುವ ಮರದ ಮೇಲೆ ಕೊಡಲಿಯೇ ಬಿದ್ದಿರುವುದಿಲ್ಲವಲ್ಲ! ಆದ್ದರಿಂದ ಆರೈಕೆಯ ಹೊಣೆ ಪಂಚಾಯಿತಿಗೇ ಬರುತ್ತದೆ. ಪಂಚಾಯಿತಿಯ ಬಳಿ ಬೀದಿದೀಪದ ಲೆಕ್ಕವಿದ್ದರೆ ಬೀದಿಮರದ ಲೆಕ್ಕವೂ ಇರಬೇಕು: ಯಾವ ಓಣಿಯಲ್ಲಿ ಯಾವ ಮರ, ಅದರ ಸ್ಥಿತಿ ಹೇಗಿದೆ. ವಿದ್ಯುತ್ ತಂತಿಗೆ ತಗಲುವ ಟೊಂಗೆಯನ್ನು ಒಂದೇ ಪಕ್ಕ ಬೋಳಿಸಿದರೆ ಮರ ವಾಲುತ್ತದೆ. ಲೈನ್‌ಮನ್ ಬರುವ ದಿನ ಪಂಚಾಯಿತಿಯವರೊಬ್ಬರು ಜೊತೆಗಿರಲಿ.

ಹೊಸದಾಗಿ ನೆಡುವವರು ಸಾಲುಮರದ ತಿಮ್ಮಕ್ಕನನ್ನು ನೆನೆಯುತ್ತಾರೆ. ಹುಲಿಕಲ್–ಕುದೂರು ದಾರಿಯ ಆಲಗಳು ಉಳಿದದ್ದು ಅವರೂ ಅವರ ಗಂಡನೂ ನೀರು ಹೊತ್ತು, ಮುಳ್ಳುಬೇಲಿ ಕಟ್ಟಿ ಕಾದದ್ದರಿಂದ. ಉದ್ಯೋಗ ಖಾತರಿ ಕೂಲಿಯಲ್ಲಿ ಗುಂಡಿ ತೋಡುವ ದಿನಗಳಿಗಿಂತ ನೀರುಣಿಸುವ ದಿನಗಳಿಗೆ ಹೆಚ್ಚು ಹಣ ಇಡಬೇಕು, ಅದೂ ಕನಿಷ್ಠ ಮೂರು ಬೇಸಿಗೆ. ಬೇಗ ಬೆಳೆಯುತ್ತದೆಂದು ಕೋನೋಕಾರ್ಪಸ್ ತರುವುದು ಬೇಡ. ಗುಜರಾತ್ 2023ರಲ್ಲೇ ಅದನ್ನು ನಿಷೇಧಿಸಿದೆ. ಇಲ್ಲಿನ ಬಿಸಿಲಿಗೆ ಬೇವು, ಹೊಂಗೆ, ಹುಣಸೆ ಒಗ್ಗಿವೆ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ ಕೇಳುವವರು ಬುಡದ ಮಣ್ಣನ್ನೂ ಅದೇ ಅರ್ಜಿಯಲ್ಲಿ ಬರೆಸಲಿ.