ಐವತ್ತು ಸೆಂಟಿನ ಪಂಕ್ತಿ



ನಮ್ಮ ದೇವಾಲಯಗಳ ಬಾಗಿಲಲ್ಲಿ ಕೈಚಾಚಿ ನಿಲ್ಲುವವರನ್ನು ನಾವು ಏನೆಂದು ಕರೆಯುತ್ತೇವೆ? ಭಿಕ್ಷುಕ, ನಿರ್ಗತಿಕ, ಅಲೆಮಾರಿ; ಸಿಟ್ಟು ಬಂದರೆ ಕುಡುಕ. ‘ಅತಿಥಿ’ ಎಂದು ಕರೆದದ್ದನ್ನು ನಾನು ಕೇಳಿಲ್ಲ. ಆ ಮಾತನ್ನು ಕೇಳಲು ಜರ್ಮನಿಯ ಫ್ರಾಂಕ್‌ಫರ್ಟ್‌ವರೆಗೆ ಹೋಗಬೇಕಾಯಿತು ಎಂಬುದು, ಕಾಲು ಶತಮಾನ ಯಾಜಕನಾಗಿ ಬಾಳಿದ ನನಗೆ ಹೆಮ್ಮೆಯ ಸಂಗತಿಯೇನಲ್ಲ.

ಫ್ರಾಂಕ್‌ಫರ್ಟ್ ಬ್ಯಾಂಕುಗಳ ನಗರ. ಯೂರೋಪಿನ ಕೇಂದ್ರ ಬ್ಯಾಂಕ್ ಇರುವುದು ಅಲ್ಲಿಯೇ. ಆ ನಗರದ ನಟ್ಟನಡುವೆ, ದೊಡ್ಡ ಅಂಗಡಿಬೀದಿಯಿಂದ ಕೆಲವೇ ಹೆಜ್ಜೆಗಳ ದೂರದಲ್ಲಿ, ಮಾತೆ ಮರಿಯಮ್ಮನವರಿಗೆ ಅರ್ಪಿತವಾದ ಲೀಬ್‌ಫ್ರಾವೆನ್ ದೇವಾಲಯವಿದೆ. ಹದಿನಾಲ್ಕನೆಯ ಶತಮಾನದ ಈ ಮಂದಿರ 1944ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿ ಮತ್ತೆ ಎದ್ದುನಿಂತಿದೆ. ಪಕ್ಕದ ಮಠದಲ್ಲಿ ಕಪುಚಿನ್ ಸಭೆಯ ಸಹೋದರರಿದ್ದಾರೆ. ಒಳ ಅಂಗಳದಲ್ಲಿ ಕಚೇರಿಗೆ ಹೋಗುವವರು ಒಂದು ಗಳಿಗೆ ನಿಂತು ಮೇಣದ ಬತ್ತಿ ಹಚ್ಚಿ ನಡೆಯುತ್ತಾರೆ. ಅದೇ ಮಠದ ಆಶ್ರಯದಲ್ಲಿ ಮನೆಯಿಲ್ಲದವರು ಬೆಳಗಿನ ಉಪಾಹಾರಕ್ಕೆ ಕೂಡುತ್ತಾರೆ. ಬ್ರದರ್ ವೆಂಡೆಲಿನ್ 1992ರಲ್ಲಿ ಆರಂಭಿಸಿದ ಈ ಸೇವೆಗೆ ‘ಫ್ರಾಂಜಿಸ್ಕುಸ್‌ಟ್ರೆಫ್’, ಅಂದರೆ ಸಂತ ಫ್ರಾನ್ಸಿಸರ ಹೆಸರಿನ ಭೇಟಿಯ ತಾಣ ಎಂದು ಹೆಸರು.

ಅಲ್ಲಿ ನಾನು ಕಂಡದ್ದು ಇಷ್ಟು. ಬಂದವರು ಮೇಜಿನ ಮುಂದೆ ಕುಳಿತುಕೊಳ್ಳುತ್ತಾರೆ. ಸ್ವಯಂಸೇವಕರು ಬ್ರೆಡ್ಡು, ಕಾಫಿಯನ್ನು ಅವರು ಕುಳಿತಲ್ಲಿಗೇ ತಂದು ಬಡಿಸುತ್ತಾರೆ. ಇದಕ್ಕೆ ಪ್ರತಿಯೊಬ್ಬರೂ ಐವತ್ತು ಸೆಂಟ್ ಕೊಡಬೇಕು. ಮೊದಲಿಗೆ ನನಗೆ ಮುಜುಗರವಾಯಿತು. ಬೀದಿಯಲ್ಲಿ ಮಲಗುವವನಿಂದಲೂ ಹಣವೇ ಎಂದುಕೊಂಡೆ. ಆ ಕಾಸಿನಿಂದ ಉಪಾಹಾರದ ಖರ್ಚು ಹುಟ್ಟುವುದಿಲ್ಲ. ಸೇವೆ ನಡೆಯುವುದು ದಾನಿಗಳ ನೆರವಿನಿಂದಲೇ. ಹಾಗಾದರೆ ಆ ಕಾಸು ಏತಕ್ಕೆ?

ಉತ್ತರ ಕೊಟ್ಟವನು ನನ್ನ ಎದುರಿನ ಮೇಜಿನಲ್ಲಿದ್ದ ಒಬ್ಬ ಮುದುಕ. ಅಂಗಿಯ ಜೇಬು ತಡಕಿ, ಚಿಲ್ಲರೆ ಎಣಿಸಿ ಕೊಟ್ಟ. ಬೆನ್ನು ನೇರ ಮಾಡಿ ಕುಳಿತ. ಸ್ವಲ್ಪ ಹೊತ್ತಿನ ಮೇಲೆ ಬಟ್ಟಲು ಮುಂದಿಟ್ಟು ಇನ್ನಷ್ಟು ಕಾಫಿ ಕೇಳಿದ. ಬಡಿಸುತ್ತಿದ್ದ ಮಹಿಳೆ ನಗುತ್ತಾ ತಂದುಕೊಟ್ಟಳು. ನನ್ನ ಧರ್ಮಕೇಂದ್ರಗಳಲ್ಲಿ ಎಷ್ಟೋ ಸಲ ಅನ್ನದಾನ ಮಾಡಿಸಿದ್ದೇನೆ. ಇನ್ನಷ್ಟು ಬೇಕು ಎಂದು ಕೇಳುವ ಧೈರ್ಯ ಮಾಡಿದವರು ನೆನಪಿಗೆ ಬರುವುದಿಲ್ಲ. ಭಿಕ್ಷೆ ಪಡೆದವನು ಕೊಟ್ಟಷ್ಟಕ್ಕೆ ಕೈಮುಗಿಯುತ್ತಾನೆ. ಅತಿಥಿಗೆ ಕೇಳುವ ಹಕ್ಕಿದೆ.

ನಮ್ಮ ಕನ್ನಡ ನೆಲಕ್ಕೆ ಇದು ಹೊಸದೇ? ಹನ್ನೆರಡನೆಯ ಶತಮಾನದ ಶರಣರು ದಾಸೋಹವೆಂದರು. ಅಲ್ಲಿ ಕೊಡುವವನು ಒಡೆಯನಲ್ಲ, ದಾಸ. ನಮ್ಮ ಪ್ರಭುವೂ ಹಸಿದವರಲ್ಲಿ, ಪರದೇಶಿಯಲ್ಲಿ ತಮ್ಮನ್ನೇ ಕಾಣಬೇಕೆಂದು ಮತ್ತಾಯನ ಶುಭಸಂದೇಶದ ಇಪ್ಪತ್ತೈದನೆಯ ಅಧ್ಯಾಯದಲ್ಲಿ ತಿಳಿಸಿದ್ದಾರೆ. ಚಿನ್ನದುಂಗುರದವನಿಗೆ ಒಳ್ಳೆಯ ಆಸನ ಕೊಟ್ಟು ಬಡವನನ್ನು ಕಾಲಬಳಿ ಕೂರಿಸುವವರನ್ನು ಯಕೋಬನು ತನ್ನ ಪತ್ರದಲ್ಲಿ ಗದರಿಸಿದ್ದಾನೆ. ಇದನ್ನೆಲ್ಲ ಪೀಠದಿಂದ ಬೋಧಿಸುವ ನಾವು ಮಾಡುತ್ತಿರುವುದೇನು? ಹಬ್ಬದ ದಿನ ಗೇಟಿನ ಹೊರಗೆ ಸಾಲು ನಿಲ್ಲಿಸಿ ಪೊಟ್ಟಣ ಹಂಚುತ್ತೇವೆ. ಕೊಡುವ ಕೈ, ಪಡೆಯುವ ಮುಖ ಎರಡೂ ಕಾಣುವಂತೆ ಚಿತ್ರ ತೆಗೆಸುತ್ತೇವೆ. ಆ ಚಿತ್ರ ಇಂತಹ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಪೊಟ್ಟಣದ ಬೆಲೆಯನ್ನು ಆತ ತನ್ನ ಮುಖದಿಂದ ತೆತ್ತಿರುತ್ತಾನೆ. ಐವತ್ತು ಸೆಂಟಿಗಿಂತ ಅದು ಬಲು ದುಬಾರಿ.

ಬೇರೆಯವರನ್ನು ದೂರುತ್ತಿಲ್ಲ. ಹಿಂದೆ ನಾನಿದ್ದ ಒಂದು ಧರ್ಮಕೇಂದ್ರದಲ್ಲಿ ಒಬ್ಬಾತ ದೇವಾಲಯದ ಮೊಗಸಾಲೆಯಲ್ಲಿ ರಾತ್ರಿ ಮಲಗುತ್ತಿದ್ದ. ವಾರ್ಷಿಕ ಹಬ್ಬ ಹತ್ತಿರ ಬಂದಾಗ, ಅಸಹ್ಯವಾಗಿ ಕಾಣುತ್ತದೆಂದು ಅವನನ್ನು ಎಬ್ಬಿಸಿ ಕಳುಹಿಸಿ, ಮೊಗಸಾಲೆಗೆ ಕಬ್ಬಿಣದ ಜಾಲರಿ ಹಾಕಿಸಿದೆ. ಅವನ ಹೆಸರನ್ನೂ ಕೇಳಿರಲಿಲ್ಲ. ಜಾಲರಿಗೆ ಹಣ ಕೊಟ್ಟವರ ಹೆಸರನ್ನು ಮಾತ್ರ ಬಲಿಪೂಜೆಯ ಕೊನೆಯಲ್ಲಿ ಓದಿದೆ. ದೇವಾಲಯದೊಳಗೆ ಕ್ರಿಸ್ತನಿಗೆ ರೇಷ್ಮೆ ಹೊದಿಸಿ, ಹೊರಗೆ ಚಳಿಯಲ್ಲಿ ನಡುಗುವ ಅದೇ ಕ್ರಿಸ್ತನನ್ನು ಮರೆಯಬೇಡಿರೆಂದು ಸಂತ ಯೊವಾನ್ ಕ್ರಿಸೊಸ್ತೋಮರು ಎಚ್ಚರಿಸಿದ್ದನ್ನು ಗುರುಮಠದಲ್ಲಿ ಓದಿ ಪರೀಕ್ಷೆ ಬರೆದವನು ನಾನು!

‘ಜರ್ಮನಿ ಶ್ರೀಮಂತ ದೇಶ, ಅಲ್ಲಿ ಆಗುತ್ತದೆ’ ಎಂದು ನೀವು ಹೇಳಬಹುದು. ಮೇಜು, ಕುರ್ಚಿ, ಬಿಸಿನೀರು ನಮ್ಮಲ್ಲಿಲ್ಲವೇ? ಧರ್ಮಕೇಂದ್ರದ ಸಭಾಂಗಣವನ್ನು ಮದುವೆಗಳಿಗೆ ಬಾಡಿಗೆಗೆ ಕೊಡುವ ನಮಗೆ ವಾರಕ್ಕೊಂದು ಬೆಳಗ್ಗೆ ಅದರ ಬಾಗಿಲು ತೆರೆಯುವುದು ಅಸಾಧ್ಯವೇ?

‘ಅವರು ಕುಡಿದು ಬರುತ್ತಾರೆ, ಕದಿಯುತ್ತಾರೆ’ ಎನ್ನಬಹುದು. ಕೆಲವರು ಕುಡಿದು ಬಂದಾರು. ಕುಡಿದು ಬರುವ ಅತಿಥಿಗಳು ನಮ್ಮ ಮದುವೆಗಳಲ್ಲಿ ಇಲ್ಲವೇ? ಬವೇರಿಯಾದ ಆಲ್ಟೊಟಿಂಗ್‌ನಲ್ಲಿ ಕಪುಚಿನ್ ಸಹೋದರ ಸಂತ ಕೊನ್ರಾಡ್ 41 ವರ್ಷ ಮಠದ ಬಾಗಿಲು ಕಾದರು. ಗಂಟೆ ಬಾರಿಸಿದ ಬಡವರಿಗೆ ರೊಟ್ಟಿ ಕೊಡುವುದೂ ಅವರ ಕೆಲಸವಾಗಿತ್ತು. 1934ರಲ್ಲಿ ಧರ್ಮಸಭೆ ಸಂತರೆಂದು ಘೋಷಿಸಿದ್ದು ಈ ಬಾಗಿಲು ಕಾಯುವವರನ್ನು. ನಮ್ಮ ಬಾಗಿಲಲ್ಲೂ ಕಾವಲುಗಾರನಿದ್ದಾನೆ. ಓಡಿಸುವುದನ್ನು ಬಿಟ್ಟು ನಾವು ಅವನಿಗೆ ಬೇರೇನು ಹೇಳಿಕೊಟ್ಟಿದ್ದೇವೆ?

‘ಅದು ಸರ್ಕಾರದ ಕೆಲಸ’ ಎನ್ನುವವರೂ ಉಂಟು. 2011ರ ಜನಗಣತಿಯಂತೆ ನಮ್ಮ ದೇಶದಲ್ಲಿ ಸೂರಿಲ್ಲದವರು 17 ಲಕ್ಷಕ್ಕೂ ಹೆಚ್ಚು. ಕರ್ನಾಟಕದ 1975ರ ಕಾಯಿದೆ ಭಿಕ್ಷಾಟನೆಯನ್ನು ನಿಷೇಧಿಸುತ್ತದೆ. ಸರ್ಕಾರ ಸೂರು ಕಟ್ಟಲಿ, ಕಟ್ಟಲೇಬೇಕು. ಅದಕ್ಕಾಗಿ ನಾವೂ ದನಿಯೆತ್ತೋಣ. ಆದರೆ ಹೆಸರು ಹಿಡಿದು ಕರೆದು, ಎದುರು ಕುಳಿತು ಉಣ್ಣುವುದನ್ನು ಯಾವ ಇಲಾಖೆಯೂ ನಮ್ಮ ಪರವಾಗಿ ಮಾಡಲಾರದು. ನಮ್ಮ ಧರ್ಮಭಗಿನಿಯರು ಅನೇಕ ಕಡೆ ಬೀದಿಯಲ್ಲಿ ಬಿದ್ದವರನ್ನು ಎತ್ತಿ ತಂದು ಸಾಕುತ್ತಿದ್ದಾರೆ, ನಿಜ. ಅವರ ಪುಣ್ಯವನ್ನು ನಮ್ಮ ಲೆಕ್ಕಕ್ಕೆ ಬರೆದುಕೊಂಡು ನೆಮ್ಮದಿಯಾಗಿರುವುದು ನ್ಯಾಯವಲ್ಲ.

ಜಗದ್ಗುರು ಪೋಪ್ ಫ್ರಾನ್ಸಿಸರು ಸ್ಥಾಪಿಸಿದ ‘ಬಡವರ ವಿಶ್ವ ದಿನ’ವನ್ನು 2017ರಿಂದ ಪ್ರತಿ ನವೆಂಬರಿನಲ್ಲಿ ಆಚರಿಸುತ್ತಿದ್ದೇವೆ. ಈ ಸಲ ಪೊಟ್ಟಣ ಬೇಡ. ಸಭಾಂಗಣದಲ್ಲಿ ಎಲೆ ಹಾಕಿ. ಬಂದವರ ಹೆಸರು ಕೇಳಿ. ಅವರು ಒಂದು ರೂಪಾಯಿ ಕೊಟ್ಟರೆ ಸಂಕೋಚಪಡದೆ ತೆಗೆದುಕೊಳ್ಳಿ. ಪಾಲನಾ ಸಮಿತಿಯವರು ಬಡಿಸಲಿ, ಗುರುಗಳು ಅದೇ ಪಂಕ್ತಿಯಲ್ಲಿ ಕುಳಿತು ಉಣ್ಣಲಿ. ಕ್ಯಾಮೆರಾ ಮನೆಯಲ್ಲಿರಲಿ. ಮುಂದಿನ ವಾರವೂ ಬನ್ನಿರೆಂದು ಹೇಳಿ, ಮುಂದಿನ ವಾರವೂ ಬಾಗಿಲು ತೆರೆದಿಡಿ.

ನಾನು ಓಡಿಸಿದವನು ಈಗ ಎಲ್ಲಿರುವನೋ ತಿಳಿಯದು. ಅವನಿಗೆ ಎಲೆ ಹಾಕುವ ಅವಕಾಶ ನನ್ನ ಕೈತಪ್ಪಿತು. ನಿಮ್ಮ ಮೊಗಸಾಲೆಯಲ್ಲಿ ಮಲಗುವವನು ಇನ್ನೂ ಅಲ್ಲಿಯೇ ಇದ್ದರೆ, ನಾಳೆ ಬೆಳಗ್ಗೆ ಅವನ ಹೆಸರು ಕೇಳಿ.