ಮುಟ್ಟಿದರೆ ಮುನಿ ಸರ್ವರ್

“ವರ್ಕ್ ಆಗ್ತಿದ್ಯಲ್ಲ, ಬಿಡು ಗುರು. ಸುಮ್ನೆ ಯಾಕೆ ಮುಟ್ತೀಯ?”

ಐಟಿಯಲ್ಲಿ ಎರಡು ವರ್ಷ ಕಳೆದವರೆಲ್ಲ ಈ ಮಾತು ಕೇಳಿರ್ತೀರಿ. ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಕೇಳಿದೆ. ಒಂದು ಉಬುಂಟು ಸರ್ವರ್‌ಗೆ ಲಾಗಿನ್ ಆಗಿ ‘ಆಪ್ಟ್-ಮಾರ್ಕ್ ಶೋಹೋಲ್ಡ್’ ಅಂತ ಹೊಡೆದೆ. ಓಪನ್‌ಎಸ್‌ಎಸ್‌ಎಚ್, ಓಪನ್‌ಎಸ್‌ಎಸ್‌ಎಲ್, ಎಂಜಿನ್‌ಎಕ್ಸ್... ಹೊರಜಗತ್ತಿನ ಜೊತೆ ಮಾತಾಡೋ ಪ್ಯಾಕೇಜುಗಳೆಲ್ಲ ಸಾಲಾಗಿ ಹೋಲ್ಡ್‌ನಲ್ಲಿದ್ದವು. ಯಾರೇ ಅಪ್‌ಗ್ರೇಡ್ ಕೊಟ್ಟರೂ ಇವು ಕದಲಬಾರದು ಅಂತ ಯಾರೋ ಪುಣ್ಯಾತ್ಮ ಬೀಗ ಜಡಿದು, ಕಾರಣ ಬರೆದಿಡದೆ ಕೆಲಸ ಬಿಟ್ಟು ಹೋಗಿದ್ದ.

ಇದಕ್ಕೆ ನಾವು ‘ಸ್ಟೆಬಿಲಿಟಿ’ ಅನ್ನೋ ಮರ್ಯಾದಸ್ಥ ಹೆಸರು ಕೊಟ್ಟಿದ್ದೀವಿ. ಅಸಲು ಲೆಕ್ಕ ಬೇರೆ. ನೀವು ಅಪ್‌ಗ್ರೇಡ್ ಮಾಡಿ ಸೈಟು ಎರಡು ನಿಮಿಷ ಬಿದ್ದರೆ ‘ಯಾರು ಮಾಡಿದ್ದು?’ ಅಂತ ಮೇಲ್ ಬರುತ್ತೆ. ಆಪ್ಟ್‌ನ ಹಿಸ್ಟರಿ ಲಾಗ್‌ನಲ್ಲಿ ‘ರಿಕ್ವೆಸ್ಟೆಡ್ ಬೈ’ ಅಂತ ನಿಮ್ಮ ಹೆಸರೂ ಕೂತಿರುತ್ತೆ. ವರ್ಷವಿಡೀ ಏನೂ ಮಾಡದೆ ಕೂತವನ ಹೆಸರು ಯಾವ ಲಾಗ್‌ನಲ್ಲೂ ಇರಲ್ಲ. ಅಪ್ರೈಸಲ್‌ನಲ್ಲಿ ಯಾರಿಗೆ ಏನು ಸಿಗುತ್ತೆ ಅಂತ ನಾನು ಹೇಳಬೇಕಾ?

2014ರ ಏಪ್ರಿಲ್ 7ರಂದು ಹಾರ್ಟ್‌ಬ್ಲೀಡ್ ಬಯಲಾಯಿತು. ಓಪನ್‌ಎಸ್‌ಎಸ್‌ಎಲ್‌ನ ಒಂದು ಸಣ್ಣ ತಪ್ಪಿನಿಂದ, ಪ್ರತಿ ಸಲ ಕೇಳಿದಾಗಲೂ ಸರ್ವರ್ ತನ್ನ ಮೆಮೊರಿಯಿಂದ 64 ಕೆಬಿವರೆಗೆ ಅಪರಿಚಿತರ ಕೈಗೆ ಕೊಡ್ತಿತ್ತು. ಅದರಲ್ಲಿ ಪಾಸ್‌ವರ್ಡೂ ಇರಬಹುದು, ಪ್ರೈವೇಟ್ ಕೀನೂ ಇರಬಹುದು. ಆಗಲೂ ಆ ಸರ್ವರ್‌ಗಳೆಲ್ಲ ‘ವರ್ಕ್ ಆಗ್ತಿದ್ವು’. ಪ್ಯಾಕೇಜ್ ಅಪ್‌ಗ್ರೇಡ್ ಮಾಡಿದ್ರೂ ಕೆಲಸ ಮುಗೀತಿರಲಿಲ್ಲ. ಡಿಸ್ಕ್‌ನಲ್ಲಿ ಹೊಸ ಲೈಬ್ರರಿ ಇದ್ದರೂ, ರೀಸ್ಟಾರ್ಟ್ ಆಗದ ಎಂಜಿನ್‌ಎಕ್ಸ್ ಹಳೇದನ್ನೇ ಮೆಮೊರಿಯಲ್ಲಿ ಹಿಡಿದುಕೊಂಡು ಓಡ್ತಿರುತ್ತೆ. ಯಾವುದನ್ನು ರೀಸ್ಟಾರ್ಟ್ ಮಾಡಬೇಕು ಅಂತ ತೋರಿಸೋಕೆ ‘ನೀಡ್‌ರೀಸ್ಟಾರ್ಟ್’ ಅನ್ನೋ ಟೂಲೇ ಇದೆ. ಅದರ ಪಟ್ಟಿ ಬಂದಾಗ ಎಂಟರ್ ಒತ್ತಿ ದಾಟಿಸೋರನ್ನೂ ನೋಡಿದ್ದೀನಿ.

ಇಷ್ಟು ಹೇಳಿದ್ರೆ ಒಬ್ಬರು ಖಂಡಿತ ಕೈ ಎತ್ತುತ್ತಾರೆ: 2024ರಲ್ಲಿ ಎಕ್ಸ್‌ಝಡ್ ಕಥೆ ಏನಾಯ್ತು, ಹೊಸ ವರ್ಷನ್ ಹಾಕಿಕೊಂಡವರೇ ತಾನೆ ಹಿಂಬಾಗಿಲಿಗೆ ಸಿಕ್ಕಿದ್ದು? ನಿಜ, 5.6.0 ಮತ್ತು 5.6.1ರಲ್ಲಿ ಹಿಂಬಾಗಿಲಿತ್ತು. ಆದ್ರೆ ಅವು ಡೆಬಿಯನ್ ಸ್ಟೇಬಲ್‌ಗೆ ಬಂದೇ ಇರಲಿಲ್ಲ. ಸ್ಟೇಬಲ್‌ನ ಸೆಕ್ಯುರಿಟಿ ಅಪ್‌ಡೇಟ್ ಅಂದ್ರೆ ಸಾಮಾನ್ಯವಾಗಿ ಹಳೇ ವರ್ಷನ್‌ಗೇ ಹಾಕಿದ ತೇಪೆ. ಅದಕ್ಕೂ ಬೀಗ ಹಾಕಿ ಕೂರೋಕೆ ಎಕ್ಸ್‌ಝಡ್ ನೆಪ ಆಗಲ್ಲ. ಇನ್ನೊಂದು ವಿಷಯ: ಅದನ್ನು ಹಿಡಿದ ಆಂಡ್ರೆಸ್ ಫ್ರಾಯಿಂಡ್‌ಗೆ ಮೊದಲು ಕಂಡಿದ್ದು ಎಸ್‌ಎಸ್‌ಎಚ್ ಲಾಗಿನ್‌ಗಳು ವಿಪರೀತ ಸಿಪಿಯು ತಿಂತಿದ್ದದ್ದು, ಲಾಗಿನ್ ಸುಮಾರು ಅರ್ಧ ಸೆಕೆಂಡ್ ನಿಧಾನ ಆಗಿದ್ದು ಗೊತ್ತಾಗಿದ್ದು ಆಮೇಲೆ. ಆತ ‘ಬಿಡು ಗುರು’ ಅಂದುಕೊಂಡಿದ್ದರೆ?

ಭಯ ಇರೋದು ಸಹಜ. ಎಸ್‌ಎಸ್‌ಎಚ್ ಮೂಲಕವೇ ಎಸ್‌ಎಸ್‌ಎಚ್ ಅನ್ನು ಅಪ್‌ಗ್ರೇಡ್ ಮಾಡೋದು ಕೂತ ಕೊಂಬೆ ಕಡಿದಂತೆ ಅನ್ಸುತ್ತೆ. ಆದ್ರೆ ಸರ್ವಿಸ್ ರೀಸ್ಟಾರ್ಟ್ ಆದ್ರೂ ತೆರೆದಿರೋ ಸೆಷನ್ ಕಟ್ ಆಗಲ್ಲ. ಹಳೇದನ್ನು ಮುಚ್ಚೋ ಮುಂಚೆ ಇನ್ನೊಂದು ಟರ್ಮಿನಲ್‌ನಿಂದ ಲಾಗಿನ್ ಆಗಿ ನೋಡಿ, ಅಷ್ಟೇ. ಏನೇನು ಬದಲಾಗುತ್ತೆ ಅಂತ ‘ಆಪ್ಟ್-ಗೆಟ್’ಗೆ ‘ಮೈನಸ್ ಎಸ್’ ಕೊಟ್ಟರೆ ಮೊದಲೇ ತೋರಿಸುತ್ತೆ. ಕಾನ್ಫಿಗ್ ಫೈಲ್ ಬಗ್ಗೆ ಪ್ರಶ್ನೆ ಕೇಳಿದಾಗ ಗಾಬರಿಯಲ್ಲಿ ‘ವೈ’ ಒತ್ತಬೇಡಿ. ‘ಡಿ’ ಒತ್ತಿ, ವ್ಯತ್ಯಾಸ ಓದಿ. ಮತ್ತೆ ದಯವಿಟ್ಟು ಶುಕ್ರವಾರ ಸಂಜೆ ಬೇಡ.

ನಮ್ಮಲ್ಲಿ ಆ ಹೋಲ್ಡ್ ತೆಗೆಸೋಕೆ ನನಗೆ ಹನ್ನೊಂದು ವಾರ, ನಾಲ್ಕು ಮೀಟಿಂಗು ಬೇಕಾಯ್ತು. ಅಪ್‌ಗ್ರೇಡ್ ಮುಗಿದಿದ್ದು ಆರು ನಿಮಿಷದಲ್ಲಿ. ಸೀನಿಯರ್ ನನ್ನ ಡೆಸ್ಕ್ ಹತ್ರ ಬಂದು ಸ್ಕ್ರೀನ್ ಬಗ್ಗಿ ನೋಡಿದ್ರು. “ಸದ್ಯ, ಏನೂ ಆಗ್ಲಿಲ್ಲ. ಈಗ ಮತ್ತೆ ಹೋಲ್ಡ್ ಹಾಕ್ಬಿಡು” ಅಂದ್ರು.