ಕಿರು ಟ್ರಾಕ್ಟರುಗಳ ಎಳೆಯುವ ಬಲ ಮತ್ತು ನೆಲದ ಹಿಡಿತ: ಪಾಂಡವಪುರ ತಾಲ್ಲೂಕಿನ ಅರ್ಜಿದಾರರ ಮಾಹಿತಿಗಾಗಿ

ಸರಕು ಮತ್ತು ಸೇವಾ ತೆರಿಗೆ ಮಂಡಳಿಯು 2025ರ ಸೆಪ್ಟೆಂಬರ್ 3ರಂದು ಕೈಗೊಂಡ ತೀರ್ಮಾನದಂತೆ, ಅದೇ ತಿಂಗಳ 22ರಿಂದ ಜಾರಿಗೆ ಬರುವಂತೆ ಕೃಷಿ ಟ್ರಾಕ್ಟರುಗಳ ಮೇಲಿನ ತೆರಿಗೆಯನ್ನು ಶೇಕಡ 12ರಿಂದ 5ಕ್ಕೆ ಹಾಗೂ ಟ್ರಾಕ್ಟರಿನ ಟೈರು, ಟ್ಯೂಬುಗಳ ಮೇಲಿನ ತೆರಿಗೆಯನ್ನು ಶೇಕಡ 18ರಿಂದ 5ಕ್ಕೆ ಇಳಿಸಲಾಗಿದೆ. ತೆರಿಗೆ ಸೇರದ ಬೆಲೆ 4,00,000 ರೂ. ಎಂದು ಲೆಕ್ಕಕ್ಕೆ ಹಿಡಿದರೆ, ಹಿಂದೆ 4,48,000 ರೂ. ತೆರಬೇಕಾಗಿದ್ದ ಯಂತ್ರಕ್ಕೆ ಈಗ 4,20,000 ರೂ. ಸಾಕಾಗುತ್ತದೆ. ಉಳಿಯುವ 28,000 ರೂ. ಸಣ್ಣ ಹಿಡುವಳಿದಾರರಿಗೆ ಕಡಿಮೆ ಮೊತ್ತವಲ್ಲ. ಈ ಹಣವನ್ನು ಯಾವುದಕ್ಕೆ ವಿನಿಯೋಗಿಸಬೇಕು, ಹೆಚ್ಚಿನ ಅಶ್ವಶಕ್ತಿಗೋ ಅಥವಾ ನೆಲದ ಮೇಲಿನ ಹಿಡಿತಕ್ಕೋ ಎಂಬುದು ಈ ಲೇಖನದ ವಿಷಯವಾಗಿದೆ.

ಕೃಷಿ ಯಾಂತ್ರೀಕರಣ ಉಪ ಅಭಿಯಾನವು 2014-15ನೇ ಸಾಲಿನಲ್ಲಿ ಆರಂಭವಾದಾಗ, ಅದರ ಮಾರ್ಗಸೂಚಿಗಳಲ್ಲಿ 8ರಿಂದ 20 ಪಿ.ಟಿ.ಓ. ಹೆಚ್.ಪಿ. ಸಾಮರ್ಥ್ಯದ ಟ್ರಾಕ್ಟರುಗಳನ್ನು ಪ್ರತ್ಯೇಕ ವರ್ಗವನ್ನಾಗಿ ಗುರುತಿಸಲಾಯಿತು. ಸಹಾಯಧನದ ಅರ್ಹತೆಯು ಅಶ್ವಶಕ್ತಿಯ ಮೇಲೆ ನಿಂತಿರುವುದರಿಂದ ಅರ್ಜಿದಾರರೂ ಮಾರಾಟಗಾರರೂ ಆ ಒಂದು ಸಂಖ್ಯೆಯನ್ನೇ ಯಂತ್ರದ ಯೋಗ್ಯತೆಯೆಂದು ಭಾವಿಸುವುದು ಸಹಜ. ಆದರೆ ಅದು ಆಡಳಿತದ ಅನುಕೂಲಕ್ಕಾಗಿ ಮಾಡಿದ ವರ್ಗೀಕರಣವೇ ಹೊರತು, ಹೊಲದಲ್ಲಿ ಯಂತ್ರ ಎಷ್ಟು ಎಳೆಯುತ್ತದೆ ಎಂಬುದರ ಅಳತೆಯಲ್ಲ.

ಇದನ್ನು ಲೆಕ್ಕದ ಮೂಲಕ ನೋಡಬಹುದು. ಒಂದು ಅಶ್ವಶಕ್ತಿ ಎಂದರೆ 75 ಕೆ.ಜಿ. ಬಲದಿಂದ ಸೆಕೆಂಡಿಗೆ ಒಂದು ಮೀಟರ್ ಎಳೆಯುವ ಸಾಮರ್ಥ್ಯ. 18 ಹೆಚ್.ಪಿ. ಇಂಜಿನ್ನಿನಿಂದ ಗೇರುಗಳ ನಷ್ಟ ಕಳೆದು ಚಕ್ರಗಳಿಗೆ 14 ಹೆಚ್.ಪಿ. ತಲುಪುತ್ತದೆ ಎಂದಿಟ್ಟುಕೊಳ್ಳೋಣ. ಗಂಟೆಗೆ 3 ಕಿ.ಮೀ. ವೇಗದಲ್ಲಿ ಉಳುವಾಗ ಅದು ಸುಮಾರು 1,260 ಕೆ.ಜಿ. ಬಲದಿಂದ ಎಳೆಯಬೇಕಾಗುತ್ತದೆ. 15ರಿಂದ 20 ಹೆಚ್.ಪಿ. ವರ್ಗದ ಟ್ರಾಕ್ಟರುಗಳ ಸ್ವಂತ ತೂಕವೇ ಸಾಮಾನ್ಯವಾಗಿ 600ರಿಂದ 850 ಕೆ.ಜಿ. ಮಾತ್ರ. ತನ್ನ ತೂಕಕ್ಕಿಂತ ಹೆಚ್ಚಿನ ಬಲದಿಂದ ಎಳೆಯಲು ಟೈರಿನ ಯಾವ ಟ್ರಾಕ್ಟರಿಗೂ ಹೊಲದ ಮಣ್ಣಿನಲ್ಲಿ ಸಾಧ್ಯವಿಲ್ಲ. ಇಂಜಿನ್ ಸೋಲುವುದಕ್ಕೆ ಬಹಳ ಮೊದಲೇ ಚಕ್ರ ಜಾರುತ್ತದೆ.

ಹಾಗಾದರೆ ನಿಜವಾಗಿ ದೊರೆಯುವ ಬಲವೆಷ್ಟು? ಚಾಲನೆಯಿರುವ ಚಕ್ರಗಳ ಮೇಲೆ ಬೀಳುವ ತೂಕವನ್ನು ಆ ಮಣ್ಣಿನ ಹಿಡಿತದ ಪ್ರಮಾಣದಿಂದ ಗುಣಿಸಿದರೆ ಸ್ಥೂಲವಾದ ಉತ್ತರ ದೊರೆಯುತ್ತದೆ. ಉತ್ತು ಸಡಿಲವಾದ ಒಣ ಮಣ್ಣಿನಲ್ಲಿ ಈ ಪ್ರಮಾಣವನ್ನು 0.45 ಎಂದೂ, ಗಟ್ಟಿ ನೆಲದಲ್ಲಿ 0.55 ಎಂದೂ ಹಿಡಿಯೋಣ. 700 ಕೆ.ಜಿ. ತೂಕದ ಟ್ರಾಕ್ಟರಿನಲ್ಲಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಚಾಲನೆಯಿದ್ದು, ಎಳೆಯುವಾಗ ಅವುಗಳ ಮೇಲೆ 500 ಕೆ.ಜಿ. ಬಿದ್ದರೆ, ಎಳೆಯುವ ಬಲ 225ರಿಂದ 275 ಕೆ.ಜಿ. ಆಗುತ್ತದೆ. ಅದೇ ತೂಕದ ಯಂತ್ರದ ನಾಲ್ಕೂ ಚಕ್ರಗಳಿಗೆ ಚಾಲನೆಯಿದ್ದಲ್ಲಿ 315ರಿಂದ 385 ಕೆ.ಜಿ. ಆಗುತ್ತದೆ. ಇಂಜಿನ್ 18 ಹೆಚ್.ಪಿ. ಇರಲಿ, 21 ಇರಲಿ, ಉಳುಮೆಯ ವೇಗದಲ್ಲಿ ಈ ಸಂಖ್ಯೆಗಳು ಹೆಚ್ಚು ಬದಲಾಗುವುದಿಲ್ಲ.

ನಮ್ಮ ಸೀಮೆಯ ಹಳ್ಳಿಕಾರ್ ಎತ್ತುಗಳೊಂದಿಗೆ ಹೋಲಿಸಿದರೆ ಇದು ಇನ್ನೂ ಸ್ಪಷ್ಟವಾದೀತು. ಎತ್ತು ದಿನವಿಡೀ ದುಡಿಯುವಾಗ ತನ್ನ ಮೈತೂಕದ ಸುಮಾರು ಹತ್ತನೇ ಒಂದು ಭಾಗದಷ್ಟು ಬಲದಿಂದ ಎಳೆಯುತ್ತದೆ ಎಂಬುದು ಒಪ್ಪಿತ ಲೆಕ್ಕ. ತಲಾ 400 ಕೆ.ಜಿ. ತೂಕದ ಜೋಡಿಯಾದರೆ 80 ಕೆ.ಜಿ. ಆಯಿತು. ಅಂದರೆ ಎರಡು ಚಕ್ರ ಚಾಲನೆಯ ಕಿರು ಟ್ರಾಕ್ಟರು ಎಳೆತದಲ್ಲಿ ಮೂರು ಜೊತೆ ಎತ್ತಿಗೆ ಸಮ. ಹದಿನೆಂಟು ಕುದುರೆ ಎಂಬ ಮಾತನ್ನು ಕೇಳಿ ಹದಿನೆಂಟು ಜೊತೆಯ ಕೆಲಸವನ್ನು ನಿರೀಕ್ಷಿಸುವುದು ಸರಿಯಲ್ಲ. ಎತ್ತಿಗಿಂತ ವೇಗವಾಗಿ ಮತ್ತು ದಣಿವಿಲ್ಲದೆ ಎಳೆಯುವುದು ಯಂತ್ರದ ಹೆಚ್ಚುಗಾರಿಕೆ.

ಇನ್ನು ಉಪಕರಣದ ಕಡೆ ನೋಡೋಣ. ಹತ್ತು ಅಂಗುಲದ ಎರಡು ಗುಳದ ಎಂ.ಬಿ. ನೇಗಿಲು 15 ಸೆಂ.ಮೀ. ಆಳಕ್ಕೆ ಇಳಿದರೆ ಸುಮಾರು 750 ಚದರ ಸೆಂ.ಮೀ. ಮಣ್ಣನ್ನು ಕತ್ತರಿಸುತ್ತದೆ. ಚದರ ಸೆಂ.ಮೀ.ಗೆ 0.4 ಕೆ.ಜಿ. ಪ್ರತಿರೋಧವೆಂದರೆ 300 ಕೆ.ಜಿ. ಬಲ ಬೇಕು. ಮೇಲಿನ ಎರಡು ಚಕ್ರ ಚಾಲನೆಯ ಯಂತ್ರಕ್ಕೆ ಇದು ಮೀರಿದ್ದು. ನಾಲ್ಕು ಚಕ್ರ ಚಾಲನೆಯದಕ್ಕೆ ಎಟುಕುವಂಥದ್ದು. ಹನ್ನೆರಡು ಅಂಗುಲದ ಒಂದೇ ಗುಳವಾದರೆ 180 ಕೆ.ಜಿ. ಸಾಕಾಗಿದ್ದು, ಎರಡೂ ಎಳೆಯುತ್ತವೆ. ಮೇಲುಕೋಟೆ ಹೋಬಳಿಯಲ್ಲಾಗಲಿ, ನೆರೆಯ ನಾಗಮಂಗಲದಲ್ಲಾಗಲಿ ರಾಗಿ, ಹುರುಳಿ ಬೆಳೆಯುವ ಕೆಂಪು ಹೊಲವನ್ನು ಮೊದಲ ಮಳೆಗೇ ಉಳಬೇಕಾದವರು ಈ ವ್ಯತ್ಯಾಸವನ್ನು ಗಮನಿಸತಕ್ಕದ್ದು.

ರೋಟೋವೇಟರಿನ ವಿಷಯ ಬೇರೆ. ಅದು ಪಿ.ಟಿ.ಓ. ದಂಡದಿಂದ ತಿರುಗುತ್ತದೆ, ಅದರ ಅಲಗುಗಳು ಮಣ್ಣನ್ನು ಹಿಂದಕ್ಕೆ ಒದೆಯುವುದರಿಂದ ಟ್ರಾಕ್ಟರನ್ನು ಮುಂದಕ್ಕೆ ತಳ್ಳುತ್ತವೆ. ಇಲ್ಲಿ ಅಶ್ವಶಕ್ತಿಯೇ ಮುಖ್ಯ, ಹಿಡಿತ ಗೌಣ. ಆದುದರಿಂದ ವಿಶ್ವೇಶ್ವರಯ್ಯ ನಾಲೆಯ ಕೆಳಗೆ ಭತ್ತದ ಗದ್ದೆ ಹದ ಮಾಡುವವರಿಗೆ ಹಗುರವಾದ, ಆದರೆ ಪಿ.ಟಿ.ಓ. ಶಕ್ತಿ ಹೆಚ್ಚಿರುವ ಯಂತ್ರವೇ ಒಳ್ಳೆಯದು. ಕೆಸರಿನಲ್ಲಿ ತೂಕ ಹೆಚ್ಚಿದಷ್ಟೂ ಚಕ್ರ ಹೂಳುತ್ತದೆ. ಟೈರಿಗೆ ತುಂಬಿದ ನೀರನ್ನೂ ಹೆಚ್ಚುವರಿ ಎರಕದ ತೂಕಗಳನ್ನೂ ಗದ್ದೆಗೆ ಇಳಿಸುವ ಮೊದಲು ತೆಗೆದು, ಕೇಜ್ ವೀಲ್ ಜೋಡಿಸಿಕೊಳ್ಳುವುದು ಸೂಕ್ತ.

ಉದಾಹರಣೆಗಾಗಿ ಮಾತ್ರ ಕೆಲವು ಮಾದರಿಗಳನ್ನು ಹೆಸರಿಸಲಾಗಿದೆ. ಇದನ್ನು ಶಿಫಾರಸು ಎಂದು ಪರಿಗಣಿಸಬಾರದು. ಮಹೀಂದ್ರ ಯುವರಾಜ್ 215 ಮತ್ತು ಸ್ವರಾಜ್ 717 ಎರಡೂ 15 ಹೆಚ್.ಪಿ. ವರ್ಗದ, ಒಂದೇ ಸಿಲಿಂಡರಿನ, ಎರಡು ಚಕ್ರ ಚಾಲನೆಯ ಯಂತ್ರಗಳು. 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವಿ.ಎಸ್.ಟಿ. ಸಂಸ್ಥೆಯ ಎಂ.ಟಿ. 180 ಡಿ ಮಾದರಿಯು 18.5 ಹೆಚ್.ಪಿ.ಯದಾಗಿದ್ದು ಮೂರು ಸಿಲಿಂಡರ್ ಹೊಂದಿದೆ. ಕುಬೋಟ ನಿಯೋಸ್ಟಾರ್ ಎ 211 ಎನ್ ಮಾದರಿಯು 21 ಹೆಚ್.ಪಿ.ಯ ನಾಲ್ಕು ಚಕ್ರ ಚಾಲನೆಯ ಯಂತ್ರ. ಮೊದಲಿನ ಎರಡು ಕಡಿಮೆ ಅಶ್ವಶಕ್ತಿಯವಾದರೂ ಹಗುರವೇನಲ್ಲ. ಎಳೆತದ ಕೆಲಸಕ್ಕೆ ಅವುಗಳನ್ನು ಸಂಖ್ಯೆ ನೋಡಿಯೇ ತಳ್ಳಿಹಾಕುವಂತಿಲ್ಲ.

ಟ್ರೈಲರ್ ಎಳೆಯುವವರು ವಿಶೇಷ ಎಚ್ಚರ ವಹಿಸತಕ್ಕದ್ದು. ಹತ್ತು ಅಡಿಗೆ ಒಂದು ಅಡಿ ಏರುವ ರಸ್ತೆಯಲ್ಲಿ, ಹೊರೆ ಸೇರಿ ಎರಡೂವರೆ ಟನ್ ತೂಗುವ ಟ್ರೈಲರಿಗೆ ಏರಿನ ಸಲುವಾಗಿಯೇ 250 ಕೆ.ಜಿ. ಬಲ ಬೇಕು. ಚಕ್ರಗಳ ಘರ್ಷಣೆ ಮತ್ತು ಟ್ರಾಕ್ಟರಿನ ಸ್ವಂತ ಭಾರವನ್ನು ಸೇರಿಸಿದರೆ ಡಾಂಬರು ರಸ್ತೆಯ ಮೇಲೂ ಕಿರು ಟ್ರಾಕ್ಟರು ತನ್ನ ಮಿತಿಯನ್ನು ಮುಟ್ಟುತ್ತದೆ. ಜಕ್ಕನಹಳ್ಳಿ ಕಡೆಯಿಂದ ಮೇಲುಕೋಟೆ ಬೆಟ್ಟಕ್ಕೆ ಕಬ್ಬಿಣ, ಸಿಮೆಂಟು ಹೇರಿಕೊಂಡು ಹೋಗುವವರು ಇಳಿಯುವುದನ್ನೂ ಯೋಚಿಸಬೇಕು: ಇಳಿಜಾರಿನಲ್ಲಿ 700 ಕೆ.ಜಿ. ಯಂತ್ರವನ್ನು ಎರಡೂವರೆ ಟನ್ ಹಿಂದಿನಿಂದ ನೂಕುತ್ತಿರುತ್ತದೆ. ಹೊಲದಲ್ಲಿ ಹೂತ ಗಾಡಿಯನ್ನೋ ಮರದ ಬೊಡ್ಡೆಯನ್ನೋ ಎಳೆಯುವಾಗ ಸರಪಣಿಯನ್ನು ಕೆಳಗಿನ ಎಳೆಪಟ್ಟಿಗೆ ಮಾತ್ರ ಕಟ್ಟಬೇಕು. ಹಿಂದಿನ ಅಚ್ಚಿಗಿಂತ ಮೇಲೆ, ಟಾಪ್ ಲಿಂಕ್ ಬಳಿ ಕಟ್ಟಿದರೆ ಮುಂದಿನ ಚಕ್ರಗಳು ಎದ್ದು, ಚಾಲಕ ಕ್ಲಚ್ ತುಳಿಯುವಷ್ಟರೊಳಗೆ ಯಂತ್ರವು ಅವನ ಮೇಲೆಯೇ ಹಿಮ್ಮಗುಚುವ ಅಪಾಯವಿದೆ. ಹಗುರ ಟ್ರಾಕ್ಟರು ಸಾಧು ಎಂಬ ನಂಬಿಕೆ ಇಲ್ಲಿ ಪ್ರಾಣಕ್ಕೆ ಎರವಾಗುತ್ತದೆ.

ಕೊಳ್ಳುವ ಮುನ್ನ ಮಾಹಿತಿ ಪಡೆಯಲು ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರೀಯ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯ ಪರೀಕ್ಷಾ ವರದಿಗಳಿವೆ. ಅವುಗಳಲ್ಲಿ ಪಿ.ಟಿ.ಓ. ಶಕ್ತಿಯ ಜೊತೆಗೆ ಮುಂದಿನ ಮತ್ತು ಹಿಂದಿನ ಅಚ್ಚುಗಳ ಮೇಲಿನ ತೂಕ, ಹೆಚ್ಚುವರಿ ತೂಕವಿಲ್ಲದೆ ಹಾಗೂ ತೂಕ ಸೇರಿಸಿ ದೊರೆತ ಗರಿಷ್ಠ ಎಳೆತವನ್ನು ದಾಖಲಿಸಲಾಗಿರುತ್ತದೆ. ಈ ಎಳೆತವನ್ನು ಕಾಂಕ್ರೀಟ್ ಹಾದಿಯ ಮೇಲೆ ಅಳೆಯಲಾಗುವುದರಿಂದ ಹೊಲದಲ್ಲಿ ಅಷ್ಟು ಸಿಗದು. ಆದರೂ ಎರಡು ಮಾದರಿಗಳನ್ನು ಹೋಲಿಸಲು ಮಾರಾಟಗಾರರ ಕರಪತ್ರಕ್ಕಿಂತ ಇದು ಹೆಚ್ಚು ನಂಬತಕ್ಕದ್ದು.

ಜಾರಿಕೆಯನ್ನು ರೈತರು ತಾವೇ ಅಳೆಯಬಹುದು. ಹಿಂದಿನ ಚಕ್ರಕ್ಕೆ ಸುಣ್ಣದ ಗುರುತು ಹಾಕಿ, ನೇಗಿಲು ಎತ್ತಿಕೊಂಡು ಹತ್ತು ಸುತ್ತಿಗೆ ಕ್ರಮಿಸಿದ ದೂರವನ್ನು ಅಳೆಯಬೇಕು. ನಂತರ ನೇಗಿಲು ಇಳಿಸಿ ಅದೇ ಹತ್ತು ಸುತ್ತು. ಮೊದಲು 28 ಮೀಟರ್, ಆಮೇಲೆ 23.8 ಮೀಟರ್ ಬಂದರೆ ಜಾರಿಕೆ ಶೇಕಡ 15. ಇದನ್ನು ಮೀರಿದರೆ ಟೈರು ಮತ್ತು ಡೀಸೆಲ್ ವ್ಯರ್ಥವಾಗುತ್ತಿವೆ ಎಂದೇ ತಿಳಿಯಬೇಕು. ಒಣ ಹೊಲದ ಕೆಲಸಕ್ಕೆ ಟೈರಿನ ಮುಕ್ಕಾಲು ಭಾಗ ನೀರು ತುಂಬಿಸುವುದು ಅತಿ ಕಡಿಮೆ ಖರ್ಚಿನ ಪರಿಹಾರ. ತೆರಿಗೆ ಇಳಿಕೆಯಿಂದ ಉಳಿದ 28,000 ರೂ. ಗಳನ್ನು ಇನ್ನೆರಡು ಮೂರು ಹೆಚ್.ಪಿ.ಗಾಗಿ ವ್ಯಯಿಸುವುದಕ್ಕಿಂತ ನಾಲ್ಕು ಚಕ್ರ ಚಾಲನೆಯ ಕಡೆಗೆ ಸೇರಿಸುವುದು, ಒಣ ಭೂಮಿಯವರ ಮಟ್ಟಿಗೆ, ಲಾಭದಾಯಕವೆಂದು ನಮ್ಮ ಅಭಿಪ್ರಾಯ. ನಾಲೆಗೆ ನೀರು ಬಿಟ್ಟ ವಾರದಲ್ಲಿ ಎಲ್ಲರಿಗೂ ಒಮ್ಮೆಲೇ ಯಂತ್ರ ಬೇಕಾಗುವುದರಿಂದ ಬಾಡಿಗೆಯನ್ನೇ ನೆಚ್ಚುವುದು ಕಷ್ಟ ನಿಜ. ಆದರೆ ಬಿಡುವಿನ ತಿಂಗಳಿನಲ್ಲಿ ಬಾಡಿಗೆ ಯಂತ್ರವೊಂದನ್ನು ತಂದು ತಮ್ಮ ಹೊಲದಲ್ಲೇ ಒಂದು ದಿನ ಈ ಅಳತೆ ಮಾಡಿ ನೋಡಲು ಅಡ್ಡಿಯಿಲ್ಲ.

ಅರ್ಜಿಯನ್ನು ಆಯಾ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಸಲ್ಲಿಸತಕ್ಕದ್ದು. ಫ್ರೂಟ್ಸ್ ಗುರುತಿನ ಸಂಖ್ಯೆ, ಪಹಣಿ, ಆಧಾರ್ ಹಾಗೂ ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಗಳನ್ನು ಸಿದ್ಧವಾಗಿ ಇಟ್ಟುಕೊಳ್ಳುವುದು. ಸಹಾಯಧನದ ಮೊತ್ತವು ಆಯಾ ಸಾಲಿನ ಆದೇಶದಂತೆ ಬದಲಾಗುವುದರಿಂದ ಅದನ್ನು ಕೇಂದ್ರದಲ್ಲಿಯೇ ಖಚಿತಪಡಿಸಿಕೊಳ್ಳತಕ್ಕದ್ದು. ದರಪಟ್ಟಿ ಪಡೆಯುವಾಗ ಮಾದರಿಯ ಪೂರ್ಣ ಹೆಸರು, ಎರಡು ಅಥವಾ ನಾಲ್ಕು ಚಕ್ರ ಚಾಲನೆ ಎಂಬ ವಿವರ, ಟೈರಿನ ಅಳತೆ ಮತ್ತು ಪರೀಕ್ಷಾ ವರದಿಯ ಸಂಖ್ಯೆಯನ್ನು ಅದರಲ್ಲಿಯೇ ಬರೆಯಿಸಿಕೊಳ್ಳುವುದು.